ಚರ್ಚಿನ ಹಿಂದಿನ ಇಂಗ್ಲಿಷಿನವನು

ಫೋಟೋದಲ್ಲಿ ಹೆಣದ ಪಕ್ಕ ಗುದ್ದಲಿ ಹಿಡಿದು ನಿಂತ ಮನುಷ್ಯ ಯಾರೆಂದು ಬ್ರಾಂಡೌ ಕೇಳಿದಾಗ ಹೆಡ್ವಿಗ್ ತಲೆ ತಗ್ಗಿಸಿದಳು.

“ನಮ್ಮಪ್ಪ.”

ಜರ್ಮನಿಯ ಲೀಸನ್‌ಬಾಖ್ ಹಳ್ಳಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೊರಗಿನವರೆದುರು ಅವಳು ಬಾಯಿಬಿಟ್ಟು ಹೇಳಿದ್ದು ಮಾತ್ರ ಇದೇ ಮೊದಲು.

ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ. ಪಕ್ಕದ ಪೇಟೆಗೆ ಬಾಂಬು ಬಿದ್ದ ಮರುದಿನ ಇಂಗ್ಲಿಷ್ ಪೈಲಟ್ ಒಬ್ಬ ಪ್ಯಾರಾಚೂಟಿನಲ್ಲಿ ಕಾಡಿನಂಚಿಗೆ ಇಳಿದಿದ್ದ. ಮುಖ, ಬಟ್ಟೆ ಸುಟ್ಟು ಕರಕಲಾಗಿದ್ದವು. ಮಾತು ಹೊರಡುತ್ತಿರಲಿಲ್ಲ. ಆದರೂ ಅವಿತುಕೊಳ್ಳದೆ, ಕೈ ಬೀಸುತ್ತ, ನೆಟ್ಟಗೆ ಊರೊಳಕ್ಕೇ ನಡೆದು ಬಂದ. ಆ ಸೊಕ್ಕು ಕಂಡೇ ಜನ ರೇಗಿದ್ದೆಂದು ಆಮೇಲೆ ಎಲ್ಲರೂ ಹೇಳಿದರು. ಮೊದಲ ಏಟು ಹೆಡ್ವಿಗ್‌ಳ ಅಪ್ಪ ಮಥಿಯಾಸ್‌ನದು, ಆ ಗುದ್ದಲಿಯಿಂದ; ಪೈಲಟ್ ಅಲ್ಲೇ ಸತ್ತ. ಯುದ್ಧಕ್ಕೆ ಹೋದ ಮಗ ಎವಾಲ್ಡ್‌ನ ಸುದ್ದಿ ಬಾರದೆ ತಲೆ ಕೆಟ್ಟಿತ್ತು, ಪಾಪ, ಎಂದು ಊರು ತನಗೆ ತಾನೇ ಸಮಾಧಾನ ಹೇಳಿಕೊಂಡಿತು.

ಹೆಣ ಮುಟ್ಟಲು ಯಾರೂ ಮುಂದೆ ಬರದಾಗ, ಅದನ್ನು ತೊಳೆದು ಬಟ್ಟೆ ಸುತ್ತಿದವಳು ಅಮ್ಮ. ಚರ್ಚಿನ ಹಿಂದಿನ ಮೂಲೆಯಲ್ಲಿ ಹೆಸರಿಲ್ಲದೆ ಹೂಳಿದರು. ಅಮ್ಮ ಈಗಲೂ ಭಾನುವಾರ ತಪ್ಪದೆ ಅಲ್ಲಿ ಹೂವಿಡುತ್ತಾಳೆ. ಶತ್ರುವಿಗೂ ಕಣ್ಣೀರು ಹಾಕುವ ಹೆಂಗಸು ಎಂದು ಪಾದ್ರಿಗಳು ಹೊಗಳಿದ್ದುಂಟು. ಅಪ್ಪ ಮಾತ್ರ ಸಾಯುವ ತನಕ ಆ ಕಡೆ ಮುಖ ಹಾಕಲಿಲ್ಲ. ಎವಾಲ್ಡ್ ಯುದ್ಧ ಮುಗಿದ ಮೇಲೂ ಮನೆಗೆ ಬರಲಿಲ್ಲ. ಹೆಡ್ವಿಗ್ ಶಾಲೆಯ ಟೀಚರಾದಳು. ಯುದ್ಧದ ಪಾಠ ಬಂದಾಗಲೆಲ್ಲ ಮಕ್ಕಳ ಕಣ್ಣು ತಪ್ಪಿಸಿ ಕಿಟಕಿಯತ್ತ ನೋಡುತ್ತ ಓದಿ ಮುಗಿಸುತ್ತಿದ್ದಳು.

ಈಗ, ತೀರಿಹೋದ ಹಳೆಯ ಮೇಷ್ಟರ ಅಟ್ಟದಲ್ಲಿ ಈ ಫೋಟೋಗಳು ಸಿಕ್ಕಿದ್ದವು. ಯುದ್ಧಕಾಲದಲ್ಲಿ ಬಿದ್ದ ವಿಮಾನಗಳ ಗುರುತು ಹಚ್ಚುವ ಬ್ರಾಂಡೌ ಅವನ್ನು ಹರವಿಕೊಂಡು ಬಿಯರ್ ಅಂಗಡಿಯ ಒಳಕೋಣೆಯಲ್ಲಿ ಕೂತಿದ್ದ. ಇಂಗ್ಲೆಂಡಿನಲ್ಲಿ ಆ ಹುಡುಗನ ಮನೆಯವರಿಗೆ ಕಳಿಸುವುದಾದರೆ ಅಪ್ಪನ ಮುಖವನ್ನು ಕತ್ತರಿಸಿ ಕಳಿಸಬಹುದೇ ಎಂದು ಹೆಡ್ವಿಗ್ ಬೇಡಿಕೊಂಡಳು.

“ಇಂಗ್ಲೆಂಡಿಗೆ ಕಳಿಸೋ ಪ್ರಶ್ನೆನೇ ಇಲ್ಲ, ಟೀಚರ್,” ಎಂದ ಬ್ರಾಂಡೌ.

ಅವನು ಇನ್ನೊಂದು ಫೋಟೋ ಮುಂದೆ ತಳ್ಳಿದ. ಕಾಡಿನ ಕಣಿವೆಯಲ್ಲಿ ಬಿದ್ದ, ದೇಶದ ಗುರುತು ಸುಟ್ಟುಹೋದ ವಿಮಾನ. ಮೇಷ್ಟರೊಬ್ಬರೇ ಹೋಗಿ ತೆಗೆದದ್ದು. ಊರಿನವರು ನೋಡಲು ಹೋಗುವ ಮೊದಲೇ ಅಮೆರಿಕದ ಸೈನ್ಯ ಬಂದು ಅದನ್ನು ಸಾಗಿಸಿತ್ತು. ಬ್ರಾಂಡೌ ಭೂತಗನ್ನಡಿ ಇಟ್ಟು ತೋರಿಸಿದ. ಹೊಗೆಕೊಳವೆಗಳು ಮೂತಿಯ ಕೆಳಭಾಗದಲ್ಲಿದ್ದವು. ಇಂಗ್ಲಿಷರ ವಿಮಾನದಲ್ಲಾದರೆ ಅವು ಮೇಲಿರುತ್ತವೆ. ಎಂಜಿನ್ನನ್ನು ಹೀಗೆ ತಲೆಕೆಳಗಾಗಿ ಕೂರಿಸಿದ್ದು ಜರ್ಮನಿಯ ಮೆಸರ್‌ಶ್ಮಿಟ್ ಯುದ್ಧವಿಮಾನದಲ್ಲಿ.

“ನಮ್ಮದೇ ವಿಮಾನ. ಸತ್ತವನೂ ನಮ್ಮವನೇ.”

ಬ್ರಾಂಡೌ ಚೀಲದಿಂದ ಮತ್ತೊಂದು ಫೋಟೋ ತೆಗೆದ. ಅದು ವಾಯುಪಡೆಯ ಹಳೆಯ ಫೋಟೋ: ಅದೇ ವಿಮಾನ, ಪಕ್ಕೆಯಲ್ಲಿ ಅದೇ ಅಂಕಿ, ಅದರ ಪಕ್ಕ ಅದೇ ತಗಡಿನ ತೇಪೆ. ರೆಕ್ಕೆಯ ಮೇಲೆ ಕಾಲು ಇಳಿಬಿಟ್ಟು ಕೂತ ಪೈಲಟ್ ನಗುತ್ತಿದ್ದ.

“ಹೆಸರು ಮಾತ್ರ ಸಿಕ್ಕಿಲ್ಲ. ನಿಮಗೇನಾದ್ರೂ ಗುರುತು ಹತ್ತುತ್ತಾ?”

ಅವಳಿಗೆ ಗುರುತು ಹತ್ತಿತು. ಅವನು ಅಣ್ಣ ಎವಾಲ್ಡ್.

ಅವನು ಊರಿಗೆ ನುಗ್ಗಿದ್ದಲ್ಲ, ಮನೆಗೆ ಬರುತ್ತಿದ್ದ. ಕೈ ಬೀಸಿದ್ದು ಅಪ್ಪನಿಗೆ.

“ಇಲ್ಲ. ಯಾರೋ ಗೊತ್ತಿಲ್ಲ,” ಎಂದಳು.

ಅವಳು ಎದ್ದು ಬೀದಿಗೆ ಬಂದಳು. ಇಷ್ಟು ವರ್ಷ ಅಪ್ಪನಿಗಾಗಿ ನಾಚಿದ್ದಳು. ಈಗ ಅಣ್ಣನನ್ನೇ ಅಲ್ಲಗಳೆದು ಬಂದಿದ್ದಳು. ತನ್ನ ನಾಲಗೆಯೇ ತನಗೆ ಹೇಸಿಗೆಯೆನಿಸಿತು. ಆದರೂ ಒಂದನ್ನು ಗಟ್ಟಿ ಮಾಡಿಕೊಂಡಳು. ಗಂಡನ ಕೈಯಿಂದಲೇ ಮಗ ಸತ್ತನೆಂಬುದು ಅಮ್ಮನ ಕಿವಿಗೆ ಬೀಳಕೂಡದು.

ಅಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದಳು.

“ಏನಂದನೇ ಆ ವಿಮಾನದವನು?”

“ಇಂಗ್ಲಿಷರದೇ ಅಂತಮ್ಮ. ಪೈಲಟ್ ಯಾರು ಅಂತ ಗೊತ್ತಾಗಲ್ವಂತೆ.”

ಅಮ್ಮ ಚಾಕು ಕೆಳಗಿಟ್ಟಳು. ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು.

“ಹಾಗೇ ಇರಲಿ ಬಿಡು, ಹೆಡಿ. ಅವತ್ತು ಹೆಣ ತೊಳೆದು ಬಂದು, ನಾನೂ ನಿಮ್ಮಪ್ಪನಿಗೆ ಅದನ್ನೇ ಹೇಳಿದೆ.”