ನಾಲ್ಕು ಬೆರಳು ಕಡಿಮೆ

ಹಲಗೆಯ ತಿರುಪು ಸಡಿಲಿಸುತ್ತಿದ್ದ ಕೈಯನ್ನು ಮೇಡಂ ಗಪ್ಪನೆ ಹಿಡಿದೇಬಿಟ್ಟಳು.

"ಏನ್ರೀ ನಡೀತಿದೆ ಇಲ್ಲಿ?"

ಉರುಳು ರೈಲಿನ, ಅಂದರೆ ರೋಲರ್ ಕೋಸ್ಟರಿನ ಆಪರೇಟರ್ ಬೆಚ್ಚಿಬಿದ್ದ. ಅದು ಮಕ್ಕಳ ಎತ್ತರ ಅಳೆಯುವ ಹಲಗೆ. ತಲೆ ಅದಕ್ಕೆ ತಾಗಿದರೆ ರೈಲು ಹತ್ತಬಹುದು, ಇಲ್ಲದಿದ್ದರೆ ಇಲ್ಲ. ಈಗಷ್ಟೇ ಒಬ್ಬಳು ಹುಡುಗಿ ಅದರಡಿ ನಿಂತು, ಎತ್ತರ ಸಾಲದೆ ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದಳು. ಅವಳು ಬರುವ ಮುಂಚೆ ಅವನು ಹಲಗೆಯನ್ನು ನಾಲ್ಕು ಬೆರಳು ಮೇಲೇರಿಸಿದ್ದ. ಈಗ ಇಳಿಸುತ್ತಿದ್ದ.

"ಕೇಳ್ಬೇಡಿ ಮೇಡಂ. ಒಬ್ಬರಿಗೆ ಮಾತು ಕೊಟ್ಟಿದೀನಿ."

"ಯಾರಿಗೆ?"

ಅವನು ತಿರುಪು ಬಿಗಿಯತೊಡಗಿದ. ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡಳು ಮೇಡಂ.

ಅವಳು ಈ ಪಾರ್ಕಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಕೆಲಸ ವಿಚಿತ್ರದ್ದು. ಪಾರ್ಕಿಗೆ ಬಂದೂ ಆಟ ಆಡದವರನ್ನು ನೋಡಿಕೊಳ್ಳುವುದು. ಎಲ್ಲರ ಬ್ಯಾಗು, ಚಪ್ಪಲಿ ಕಾಯುವ ತಾಯಂದಿರು, ಮಂಡಿ ನೋವಿನ ಅಜ್ಜಂದಿರು, ತಲೆ ಸುತ್ತುವ ಗಂಡಂದಿರು. ಸಿಬ್ಬಂದಿ ಅವಳಿಗೆ 'ಸುಮ್ನೆ ಕೂತವರ ಮೇಡಂ' ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ ಬಿಡಿ! ಮೊದಲು ಆ ಜನಕ್ಕೆ ಇದ್ದದ್ದು ಕಾದ ಸಿಮೆಂಟು ಕಟ್ಟೆ, ಪಕ್ಕದಲ್ಲೇ ಜನರೇಟರಿನ ಅಬ್ಬರ. ಅವಳು ಜನರೇಟರನ್ನು ಹಿಂದಕ್ಕೆ ಸಾಗಿಸಿದಳು, ಚಪ್ಪರ ಹಾಕಿಸಿ ಬಳ್ಳಿ ಹಬ್ಬಿಸಿದಳು, ಬೆನ್ನು ಆನಿಸಲು ಬರುವ ಬೆಂಚು ತರಿಸಿದಳು, ಕಿವಿ ಕಿತ್ತುಹೋಗುವ ಸ್ಪೀಕರುಗಳ ಕುತ್ತಿಗೆ ಹಿಸುಕಿದಳು. ಈಗ ಆಡದವರೂ ಸಂಜೆಯವರೆಗೆ ಕೂರುತ್ತಿದ್ದರು.

ಅವರಲ್ಲಿ ಆ ಹುಡುಗಿ, ಅವಳ ತಾಯಿಯೂ ಇದ್ದರು. ಪ್ರತಿ ತಿಂಗಳ ಮೊದಲ ಭಾನುವಾರ ತಪ್ಪದೆ ಬರುತ್ತಿದ್ದರು. ಮಗಳಿಗೆ ಹನ್ನೆರಡು. ಎಂಥಾ ಸೆಖೆಯಲ್ಲೂ ಪಾದದವರೆಗೆ ಫ್ರಾಕು.

"ಗಿಡ್ಡ ಫ್ರಾಕ್ ಕೊಡಿಸಿದ್ರೆ ಮುಖ ಊದಿಸ್ಕೋತಾಳೆ. ಯಾವ ಅಜ್ಜಿ ಹುಟ್ಟಿ ಬಂದಿದಾಳೋ ನನ್ನ ಹೊಟ್ಟೇಲಿ," ಎಂದು ತಾಯಿ ಒಮ್ಮೆ ನಕ್ಕಿದ್ದಳು.

ಹುಡುಗಿ ಹಲಗೆಯಡಿ ನಿಲ್ಲುವಳು, ತಲೆ ತಾಗುತ್ತಿರಲಿಲ್ಲ. "ಬರೋ ತಿಂಗಳು ನೋಡೋಣ ಪುಟ್ಟಿ, ಬೆಳೀತೀಯ," ಎನ್ನುವಳು ತಾಯಿ. ಆಮೇಲೆ ಇಬ್ಬರೂ ಚಪ್ಪರದಡಿ ಕೂತು ಐಸ್‌ಕ್ರೀಂ ತಿನ್ನುವರು.

ಹುಡುಗಿ ಮೇಡಂ ಹೆಗಲಿಗೆ ಬರುತ್ತಿದ್ದಳು. ಹಲಗೆಯ ನಿಜವಾದ ಜಾಗ ಆ ಹೆಗಲಿಗಿಂತ ಕೆಳಗೆ. ಅಂದರೆ ಈ ಮಗು ಯಾವತ್ತೋ ರೈಲು ಹತ್ತಬೇಕಿತ್ತು! ಮೇಡಂ ತಡಮಾಡಲಿಲ್ಲ. ಮರುದಿನವೇ ಹಲಗೆ ಕೀಳಿಸಿ, ಕಬ್ಬಿಣದ ಕಂಬಕ್ಕೆ ಸರಿಯಾದ ಎತ್ತರದಲ್ಲಿ ಕೆಂಪು ಗೆರೆ ಎಳೆಸಿದಳು. ಇನ್ನು ಯಾರೂ ಏರಿಸುವಂತಿಲ್ಲ, ಇಳಿಸುವಂತಿಲ್ಲ.

"ತಪ್ಪು ಮಾಡ್ತಿದೀರ ಮೇಡಂ," ಎಂದ ಆಪರೇಟರ್. ಅವಳು ತಿರುಗಿಯೂ ನೋಡಲಿಲ್ಲ.

ಮುಂದಿನ ತಿಂಗಳು ತಾಯಿ ಮಗಳು ಬಂದರು. ತಾಯಿ ಕಂಬ ನೋಡಿದಳು. ನೀರಿನ ಬಾಟಲಿಯನ್ನು ಮಗಳ ಕೈಗಿತ್ತಳು.

"ತುಂಬಿಸ್ಕೊಂಡು ಬಾ. ಓಡ್ಬೇಡ."

ಮಗಳು ಅತ್ತ ಹೋದದ್ದೇ ತಾಯಿ ಮೇಡಂ ಬಳಿ ಬಂದಳು. "ಆ ಹಲಗೆ ಎಲ್ಲಿ?"

"ತೆಗೆಸಿಬಿಟ್ಟೆ," ಎಂದಳು ಮೇಡಂ ಹೆಮ್ಮೆಯಿಂದ. "ನಿಮ್ಮ ಮಗಳಿಗೆ ಮೋಸ ಮಾಡ್ತಿದ್ದ ಅವನು. ಇವತ್ತು ಅವಳು ಹತ್ತೇ ಹತ್ತುತ್ತಾಳೆ."

ತಾಯಿ ಬೆಂಚಿನ ಮೇಲೆ ಕುಸಿದಳು.

"ಏರ್ಸೋಕೆ ಹೇಳಿದ್ದೇ ನಾನು. ಅವಳ ಹೃದಯ ಹುಟ್ಟಿದಾಗಿಂದ ಸರಿ ಇಲ್ಲ. ಆಪರೇಷನ್ನೂ ಆಗಲ್ಲ ಅಂದುಬಿಟ್ರು. ಆ ರೈಲು ಒಂದು ಸುತ್ತು ಬಂದ್ರೆ ಸಾಕು, ಮಗು ಉಳಿಯಲ್ಲ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ರಕ್ತ ಕಡಿಮೆ ಅಂತ ಹೇಳಿ ಮಾತ್ರೆ ನುಂಗಿಸ್ತೀನಿ. ರೈಲು ಬೇಡ ಅಂದ್ರೆ ಯಾಕೆ, ಯಾಕೆ ಅಂತ ಪ್ರಾಣ ತಿಂತಿದ್ಲು. ಸಾಯ್ತೀನಿ ಅಂತ ತಿಳ್ಕೊಳೋದಕ್ಕಿಂತ ಕುಳ್ಳಿ ಅಂತ ತಿಳ್ಕೊಂಡಿರೋದು ವಾಸಿ ಅಲ್ವಾ? ಇವತ್ತು ಏನಂತ ಹೇಳಿ ನಿಲ್ಲಿಸ್ಲಿ ಅವಳನ್ನ? ಹೇಳಿ!"

ಮೇಡಂ ರೈಲಿನ ಕಡೆ ತಿರುಗಿದಳು. ರೈಲು ಕೆಟ್ಟಿದೆ ಎಂದು ಕೂಗಿಬಿಡಲೇ? ಅದೋ, ಜನರನ್ನು ತುಂಬಿಕೊಂಡು ಕಣ್ಣೆದುರೇ ಉರುಳುತ್ತಿತ್ತು.

"ಅಮ್ಮಾ, ಹೊಸ ಗೆರೆ!"

ಹುಡುಗಿ ಆಗಲೇ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಫ್ರಾಕಿನ ಅಂಚು ನೆಲದ ಧೂಳಿನಲ್ಲಿ ಮುದುಡಿತ್ತು. ಆಪರೇಟರ್ ಬಿಳಿಚಿಕೊಂಡು ತಾಯಿಯ ಕಡೆ ನೋಡಿದ. ಸರದಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನು ಅಂಗೈಯನ್ನು ಅವಳ ತಲೆಯ ಮೇಲಿಟ್ಟು ಕಂಬಕ್ಕೆ ತಾಗಿಸಿದ. ಬಗ್ಗಿ ನೋಡಿದ. ನಂಬದೆ ಇನ್ನೊಮ್ಮೆ ನೋಡಿದ.

"ನಾಲ್ಕು ಬೆರಳು ಕಡಿಮೆ," ಎಂದ.

"ಥೂ! ಯಾವಾಗ್ಲೂ ಹಿಂಗೇ!" ಹುಡುಗಿ ನೆಲಕ್ಕೆ ಕಾಲು ಅಪ್ಪಳಿಸಿದಳು.

ತಾಯಿಗೆ ಹೋದ ಜೀವ ಬಂದಂತಾಯಿತು. ಅಳುವೋ ನಗುವೋ ತಿಳಿಯದ ದನಿಯಲ್ಲಿ, "ಬರೋ ತಿಂಗಳು ಬೆಳೀತೀಯ ಬಿಡೇ," ಎಂದು ಮಗಳ ಕೆನ್ನೆ ಸವರಿ ಐಸ್‌ಕ್ರೀಂ ತರಲು ಹೊರಟಳು.

ಹುಡುಗಿ ನಿಧಾನವಾಗಿ ಚಪ್ಪರದ ಕಡೆ ಬಂದು ಮೇಡಂ ಪಕ್ಕ ನಿಂತಳು. ಅವಳ ತಲೆ ಎಂದಿನಂತೆ ಮೇಡಂ ಹೆಗಲಿಗೆ ತಾಗಿತು. ಮೇಡಂ ಗೆರೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಾಯಿಯ ಬೆನ್ನಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಪಿಸುಗುಟ್ಟಿದಳು.

"ಡಾಕ್ಟರ್ ಚೀಟಿ ಯಾವತ್ತೋ ಓದಿದೀನಿ ಮೇಡಂ, ಅದಕ್ಕೇ ಪ್ರತಿ ಸಲ ಮಂಡಿ ಮಡಚಿ ನಿಂತ್ಕೋತೀನಿ... ನಂಗೆ ಗೊತ್ತು ಅಂತ ಅಮ್ಮಂಗೆ ಮಾತ್ರ ಹೇಳ್ಬೇಡಿ, ತಡ್ಕೊಳಲ್ಲ ಅವಳು."