ಹಿತ್ತಲ ಕೋಣೆಯ ತತ್ತಿ

ಸೆರಗಿನ ಮರೆಯಲ್ಲಿ ತತ್ತಿಯೊಂದನ್ನು ಹಿಡಿದುಕೊಂಡು ಅತ್ತೆ ಯಂಕವ್ವ ಹಿತ್ತಲ ಕೋಣೆಗೆ ಹೋಗಿದ್ದನ್ನು ಮಂಜುಳಾ ಆ ವಾರದಲ್ಲಿ ನಾಲ್ಕನೆಯ ಸಲ ನೋಡಿದಳು. ಸೊಸೆಯಾಗಿ ಬಂದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ, ಕೇಳುವ ಧೈರ್ಯವಿಲ್ಲ. ಆದರೆ ಕೇಳದೆ ಇರುವುದು ಹೇಗೆ? ಯಂಕವ್ವ ಹರಕೆ ಹೊತ್ತು ಹತ್ತು ವರ್ಷದಿಂದ ತತ್ತಿ, ಖಂಡ ಬಿಟ್ಟವಳು. ತತ್ತಿ ಬೇಯಿಸಿದ ಪಾತ್ರೆಯನ್ನೂ ಬೇರೆ ಇಡಿಸುವವಳು. ಅಂಥವಳಿಗೆ ಕದ್ದು ತಿನ್ನುವ ಚಪಲವೇ?

ಅಕ್ಕಿಆಲೂರ ಸಂತೆಗೆಂದು ತತ್ತಿ ಕೂಡಿಸುತ್ತಿದ್ದ ಮಾವ ಚೌಡಪ್ಪ ಬೆಳಗ್ಗೆಯಷ್ಟೇ ಬುಟ್ಟಿ ನೋಡಿ ಗೊಣಗಿದ್ದ. "ಕೋಳಿ ಕೂಗೋದು ಕೇಳಸ್ತೈತಿ, ತತ್ತಿ ಮಾತ್ರ ಕಾಣಂಗಿಲ್ಲ!" ಪಕ್ಕದ ಮನೆಯ ಅಡಿವೆವ್ವ ಕೇಳಿದ್ದಕ್ಕೆ ಒಂದು ಸೇರಿಸದೆ ಬಿಡುವವಳಲ್ಲ. ಗೋಡೆಯಾಚೆಯಿಂದಲೇ ನಕ್ಕಿದ್ದಳು. "ಬೆಕ್ಕು ಕಣ್ಣ ಮುಚ್ಚಿ ಹಾಲು ಕುಡದ್ರ ಮಂದಿಗೆ ಗೊತ್ತಾಗಂಗಿಲ್ಲೇನು? ನಿನ್ನ ಹೇಂತೀನ ಕೇಳು ಚೌಡಪ್ಪಣ್ಣ." ಯಂಕವ್ವ ತುಟಿ ಪಿಟಕ್ಕೆನ್ನಲಿಲ್ಲ. ಓಣಿಯೇ ಹೆದರುವ ಬಾಯಿ ಅವಳದು. ಆ ಬಾಯಿ ಸುಮ್ಮನಿದ್ದದ್ದು ಮಂಜುಳಾಗೆ ತತ್ತಿಗಿಂತ ದೊಡ್ಡ ಒಗಟಾಯಿತು.

ತಡೆಯಲಾರದೆ ಹಿತ್ತಲ ಕೋಣೆಯ ಬಾಗಿಲ ಸಂದಿಗೆ ಕಣ್ಣಿಟ್ಟಳು. ಗೋವಿನಜೋಳದ ಚೀಲಗಳ ಮುಂದೆ ಯಂಕವ್ವ ಕುಕ್ಕುರುಗಾಲಲ್ಲಿ ಕೂತಿದ್ದಳು. ತೆಂಗಿನ ಚಿಪ್ಪಿನಲ್ಲಿ ಹಸಿ ತತ್ತಿ ಒಡೆದಿಟ್ಟು, ಮೆಲ್ಲಗೆ ಏನೋ ಎಣಿಸುತ್ತಿದ್ದಳು. "ಎಂಟು... ಒಂಬತ್ತು... ಹತ್ತು." ಚೀಲದ ಹಿಂದಿನಿಂದ ಮೂತಿಯೊಂದು ಹೊರಬಂತು. ಉದ್ದ ಕತ್ತು, ಮೈತುಂಬ ಹಳದಿ ಚುಕ್ಕೆ, ಬಾಲವೂ ಸೇರಿ ಒಂದು ಮೊಳ. ಸೀಳು ನಾಲಿಗೆ ಚಾಚಿ ಗಾಳಿಯನ್ನು ನೆಕ್ಕಿ ನೋಡಿತು. ಉಡದ ಮರಿ! ಮಂಜುಳಾಳ ಕೈ ಚಿಲಕಕ್ಕೆ ತಾಗಿದ್ದೇ ತಡ, ಅದು ಇತ್ತೋ ಇಲ್ಲವೋ ಎಂಬಂತೆ ಮಾಯವಾಯಿತು.

"ಓಡಿಸಿಬಿಟ್ಟಿ ನೋಡು," ಯಂಕವ್ವ ತಿರುಗದೆಯೇ ಅಂದಳು. "ಭಾಳ ನಾಚಿಕಿ ಅದಕ್ಕ. ಮೊದ್ಲ ನೂರು ಎಣಿಸಿದ್ರೂ ಬರ್ತಿರಲಿಲ್ಲ. ಈಗ ಹತ್ತಕ್ಕ ಬರ್ತೈತಿ."

ಬೈಗುಳ ಕಾದಿದ್ದ ಮಂಜುಳಾ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. "ಅತ್ತೀ, ಉಡ ಹೊಕ್ಕ ಮನಿಗೆ ಬೀಗ ಹಾಕಿ ಆರು ತಿಂಗಳು ಹೊರಗ ಇರಬೇಕಂತಾರಲ್ರಿ? ಫಾರೆಸ್ಟನಾರಿಗೆ ಫೋನ್ ಹಚ್ಚಿದ್ರ ಹಿಡಕೊಂಡು ಹೋಗಿ ಅಡವ್ಯಾಗ ಬಿಡ್ತಾರ್ರಿ."

"ಜೀಪು ಬಾಗಲಿಗೆ ಬಂದ್ರ ಅದರ ಬೆನ್ನಿಗೆ ಊರೂ ಬರ್ತೈತಿ. ಹಸಿದ್ರ ಇದು ಅಂಗಳಕ್ಕ ಬಂದು ಮಂದಿ ಕಣ್ಣಿಗೆ ಬೀಳ್ತೈತಿ. ಅದಕ್ಕ ಹೊಟ್ಟಿ ತುಂಬಸಾಕತ್ತೇನಿ. ಮಳಿ ಹಿಡದ್ರ ತಾನ ಅಡವಿಗೆ ಹೋಗ್ತೈತಿ."

"ಮಾವಾರಿಗೆ ಹೇಳಬಾರದಿತ್ತೇನ್ರಿ? ಕಳ್ಳಿ ಅಂತ ಯಾಕ ಅನ್ನಿಸ್ಕೋತೀರಿ?"

"ಅವರ ಬಾಯಾಗ ಎಳ್ಳು ನೆನೆಯಂಗಿಲ್ಲ." ಯಂಕವ್ವ ಖಾಲಿ ತತ್ತಿಯ ಓಡನ್ನು ಕೈಯಲ್ಲಿ ತಿರುಗಿಸಿದಳು. "ಇದು ಒಳಗ ಬಂದಿದ್ದು ಯಾವತ್ತು ಗೊತ್ತೇನು? ನೀ ಹೊಸ್ತಿಲಾಗಿನ ಸೇರು ಒದ್ದು ಒಳಗ ಬಂದ ಮೂರನೇ ದಿನ. ನಾ ಈ ಮನಿಗೆ ಬಂದಾಗ ಒಂಬತ್ತನೇ ದಿನಕ್ಕ ಒಂದು ಬಂದಿತ್ತು. ಆರು ತಿಂಗಳು ಹೊಲದಾಗ ಗುಡಸಲಾ ಹಾಕ್ಕೊಂಡಿದ್ವಿ. ಆಮ್ಯಾಲೆ ನಮ್ಮತ್ತಿ ಸಾಯೂತನಕ ನನ್ನ ಹೆಸರ ಹಿಡದು ಕರೀಲಿಲ್ಲ. 'ಉಡದ ಕಾಲ್ಗುಣದಾಕಿ' ಅಂತಿದ್ಲು. ಕಳ್ಳಿ ಅಂದ್ರ ನಾಕ ದಿನ ಅಂತಾರ. ಕಾಲ್ಗುಣ ಕೆಟ್ಟದ್ದು ಅಂದ್ರ ಮೂವತ್ತು ವರ್ಷ ಅಂತಾರ."

ಎರಡು ತಿಂಗಳಿಂದ ಈ ಹೆಂಗಸಿಗೆ ಹೆದರಿ ಮೂಲೆ ಹಿಡಿದಿದ್ದಕ್ಕೆ ಮಂಜುಳಾಗೆ ನಾಚಿಕೆಯಾಯಿತು. ಅಷ್ಟರಲ್ಲಿ ಹೊರಗೆ ಚೌಡಪ್ಪನ ದನಿ ಎದ್ದಿತು. "ಇವತ್ತೂ ಒಂದು ಕಮ್ಮಿ! ಎಲ್ಲಿ ಹೊಕ್ಕಾವು, ನೋಡೇ ಬಿಡ್ತೇನಿ!" ಹೆಜ್ಜೆಗಳು ಹಿತ್ತಲಿಗೇ ಬಂದವು. ಅವನ ಹಿಂದೆ ಅಡಿವೆವ್ವನ ಬಳೆ ಸದ್ದು.

ಯಂಕವ್ವನ ಮುಖ ಬಿಳಿಚಿತು. ಮಂಜುಳಾ ಅತ್ತೆಯ ಕೈಯಲ್ಲಿದ್ದ ಓಡನ್ನು ಕಸಿದುಕೊಂಡವಳೇ ಬಾಗಿಲು ತೆರೆದು ಅಡ್ಡ ನಿಂತಳು.

"ನಾನ ತಿಂದೇನ್ರಿ ಮಾವಾರ. ದಿನಾ ನಾನ ತಿಂತಿದ್ದೆ. ಮನಸು ತಡೀಲಿಲ್ರಿ."

ಚೌಡಪ್ಪ ತಲೆ ಕೆರೆದುಕೊಂಡ. ಅಡಿವೆವ್ವ ಓಡಿನಿಂದ ಇಳಿಯುತ್ತಿದ್ದ ಲೋಳೆಯನ್ನು ನೋಡಿದಳು, ಸೊಸೆಯ ಬಗ್ಗಿದ ಮುಖ ನೋಡಿದಳು. ಅವಳ ಕಣ್ಣು ಅಗಲವಾದವು. "ಹಸಿ ತತ್ತಿ! ಅಯ್ಯ ಚೌಡಪ್ಪಣ್ಣ, ನಿನಗೇನು ತಿಳೀತೈತಿ, ಇದು ಬಯಕಿ! ಎರಡು ತಿಂಗಳು ತುಂಬಿಲ್ಲ ಬಂದು. ಸೊಸಿ ಕಾಲ್ಗುಣ ಅಂದ್ರ ಹಿಂಗಿರಬೇಕು ನೋಡು!" ಅತ್ತೆ ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅವಳು ಓಣಿ ಸೇರಿದ್ದಳು. ಚೌಡಪ್ಪನಂತೂ ಬುಟ್ಟಿಯನ್ನೇ ಸೊಸೆಯ ಕಾಲ ಬಳಿ ಇಟ್ಟು, "ಎಷ್ಟ ಬೇಕು ತಿನ್ನವ್ವ," ಎಂದು ಕಣ್ಣೊರೆಸಿಕೊಳ್ಳುತ್ತ ನಡೆದ.

ಬಾಗಿಲು ಮತ್ತೆ ಮುಚ್ಚಿತು. ಚೀಲಗಳ ಹಿಂದಿನಿಂದ ಮೂತಿ ಹೊರಬಂತು, ಈ ಸಲ ಯಾರೂ ಎಣಿಸಿರಲಿಲ್ಲ.

"ಅತ್ತೀ," ಮಂಜುಳಾ ಪಿಸುಗುಟ್ಟಿದಳು, "ನನಗ ಹಂಗೇನೂ ಇಲ್ರಿ..."

ಯಂಕವ್ವ ಸೆರಗಿನಿಂದ ಸೊಸೆಯ ಕೈಯ ಲೋಳೆ ಒರೆಸಿದಳು.

"ಮೂವತ್ತು ವರ್ಷ ಆ ಉಡದ ಕಾಲ್ಗುಣಾನ ನಂಬ್ಯಾರ. ಮೂರು ತಿಂಗಳು ಈ ಬಯಕೀನ ನಂಬಲಿ ಬಿಡು."