ಕರಿ ಗಾಜಿನ ಕಾರು

ಎಂಜಿನ್ ಚಾಲೂ ಇತ್ತು. ಎಸಿಯ ನೀರು ಕಾರಿನ ಹೊಟ್ಟೆಯಿಂದ ತೊಟ್ಟಿಕ್ಕಿ ಮಣ್ಣಿನಲ್ಲಿ ಸಣ್ಣ ಹೊಂಡವಾಗಿತ್ತು. ನಾಲ್ಕೂ ಬಾಗಿಲಿಗೆ ಬೀಗ ಬಿದ್ದಿತ್ತು. ಕೀ ಒಳಗೆ, ಮುನಿಕೃಷ್ಣ ಹೊರಗೆ.

ಇಂಥದ್ದು ಜಿಗಣಿಯ ಉಪನೋಂದಣಿ ಕಚೇರಿಯ ಮುಂದೆಯೇ ಆಗಬೇಕಿತ್ತೇ? ನೆರೆದವರನ್ನು ನೋಡಿಯೇ ಅವನಿಗೆ ಮೈ ಉರಿಯಿತು. ಜೆರಾಕ್ಸ್ ಅಂಗಡಿಯವರು, ಯಾರದೋ ಪತ್ರಕ್ಕೆ ಸಾಕ್ಷಿ ಹಾಕಿ ಹೊಟ್ಟೆ ಹೊರೆಯುವವರು, ಟೀ ಲೋಟ ಹಿಡಿದೇ ದಿನ ಕಳೆಯುವ ಬ್ರೋಕರುಗಳು. ಇಂಥ ಕಾರಿನ ಬಾಗಿಲು ಮುಟ್ಟುವ ಯೋಗ್ಯತೆ ಇಲ್ಲದವರೆಲ್ಲ ಬಾಗಿಲು ತೆಗೆಯುವ ವಿದ್ಯೆ ಹೇಳಿಕೊಡುತ್ತಿದ್ದರು. ಒಬ್ಬ ಕೀ ತೂತಿಗೆ ಟೆನಿಸ್ ಚೆಂಡು ಒತ್ತಿ ಎಂದ. ಇನ್ನೊಬ್ಬ ಹ್ಯಾಂಗರ್ ಬಗ್ಗಿಸಿ ತೂರಿಸಿ ಎಂದ. ಒಳಗೆ ಇಣುಕಲು ಹೋದ ಮತ್ತೊಬ್ಬನಿಗೆ ತನ್ನದೇ ಮೂತಿ ಕಂಡಿತು. ಗಾಜಿಗೆಲ್ಲ ಇದ್ದಿಲಿನಂಥ ಕಪ್ಪು ಫಿಲ್ಮು, ಕಾರಿನ ಮೂಗು ಕಾಂಪೌಂಡಿಗೆ ತಾಗಿಕೊಂಡಿತ್ತು.

ಎಸಿಯ ತಂಪು ಹೋಗದಿರಲಿ ಎಂದು ಎಂಜಿನ್ ಚಾಲೂ ಬಿಟ್ಟು, ಪತ್ರ ಬರೆಯುವ ಪಂಚಾಕ್ಷರಿಯನ್ನು ಕೂಗಲು ಇಳಿದಿದ್ದ, ಅಷ್ಟೇ. ಬೆನ್ನ ಹಿಂದೆ ಟಕ್ ಎಂದಿತ್ತು.

ಕಚೇರಿಯ ಸೆಕ್ಯುರಿಟಿ ರೇವಣಸಿದ್ದ ಕಲಬುರಗಿ ಕಡೆಯವನು. ಮಾತಿಲ್ಲದೆ ಒಂದು ಕಲ್ಲು ಎತ್ತಿಕೊಂಡೇ ಬಂದ. "ಹಿಂದಿಂದು ಸಣ್ಣ ಗಾಜು ಒಡದ್ರ ಮುಗೀತ್ರಿ ಸಾಹೇಬ್ರ."

"ಕಲ್ಲು ಕೆಳಗಾಕು. ಗಾಜಿಗೆ ಒಂದು ಗೀರು ಬಿದ್ರೂ ನಿನ್ ಕೆಲಸ ಇರಲ್ಲ."

ಕಲ್ಲು ಕೆಳಗಿಟ್ಟು ರೇವಣಸಿದ್ದ ಹಲ್ಲು ಕಿರಿದ. ಇಂಥವರಿಗೇ ಬೇಗೂರಿನಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಕೊಟ್ಟು, ನಲ್ಲಿ ನೀರಿಗೂ ಹೊತ್ತು ಗೊತ್ತು ಮಾಡಿದ್ದವನು ಮುನಿಕೃಷ್ಣ. ಅಲ್ಲಿ ತಲೆ ತಗ್ಗಿಸುವ ಜನ ಇಲ್ಲಿ ಸಲಹೆ ಕೊಡುತ್ತಾರೆ.

ಸಂಜೆ ಕಚೇರಿ ಮುಚ್ಚುವುದರೊಳಗೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕಿತ್ತು. ಅಪ್ಪ ಬಿಟ್ಟುಹೋದ ಜಮೀನನ್ನು ಲೇಔಟಿನವನೊಬ್ಬ ಕೊಳ್ಳಲು ಒಪ್ಪಿದ್ದ. ಅಕ್ಕ ಭಾಗ್ಯಮ್ಮನ ಸಹಿ ಇವತ್ತು ಬೀಳದಿದ್ದರೆ ಪಕ್ಕದವರ ಹೊಲಕ್ಕೆ ಹೋಗುತ್ತೇನೆ ಎಂದೂ ಹೇಳಿದ್ದ. ಕಾನೂನು ಬದಲಾದಾಗಿನಿಂದ ಇದೊಂದು ಪೀಡೆ. ಹೆಣ್ಣುಮಕ್ಕಳಿಗೂ ಸಮಪಾಲಂತೆ. ಅದಕ್ಕೆ ಊರವರು ಕಂಡುಕೊಂಡ ಉಪಾಯವನ್ನೇ ಅವನೂ ಹಿಡಿದಿದ್ದ: ಅಕ್ಕನಿಗೊಂದು ಸೀರೆ, ಅರಿಶಿನ ಕುಂಕುಮ, ಸಹಿ ಆದ ಮೇಲೆ ಒಳ್ಳೆ ಹೋಟೆಲಿನಲ್ಲಿ ಊಟ. ತವರಿನ ಮರ್ಯಾದೆ ಎಂದರೆ ಅಷ್ಟೇ. ಅಗರಬತ್ತಿ ಹೊಸೆದು ಬದುಕುವ ಮುದುಕಿಗೆ ಇನ್ನೇನು ಬೇಕು? ಕಾಗದದಲ್ಲಿ ಏನಿದೆ ಎಂದು ಮೊನ್ನೆ ಒಂದು ಸಲ ಕೇಳಿದ್ದಳು. ನಿನಗೆ ಅರ್ಥವಾಗಲ್ಲ ಬಿಡು ಎಂದಿದ್ದ. ಬಿಟ್ಟಿದ್ದಳು.

ಪಂಚಾಕ್ಷರಿ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ ಬಂದ. "ಅಕ್ಕಾವ್ರು ಬಂದವ್ರಾ?"

"ಬಂದವ್ಳೆ."

"ಕರ್ಕೊಂಡ್ ಬನ್ನಿ ಮತ್ತೆ. ಯಾರ ಬಲವಂತನೂ ಇಲ್ವೇನಮ್ಮ ಅಂತ ಸಬ್ ರಿಜಿಸ್ಟ್ರಾರ್ ಸಾಹೇಬ್ರು ಅವರನ್ನೇ ಕೇಳ್ತಾರೆ. ಹೂಂ ಅಂದ್ರೆ ಆಯ್ತು."

"ಮೊದ್ಲು ಕಾರ್ ತೆಗೀಲಿ ತಡಿ ಗುರು."

ಅವಳ ಗುರುತಿನ ಚೀಟಿ ಕಾರಿನಲ್ಲೇ ಉಳಿಯಿತೇನೋ ಎಂದು ಪಂಚಾಕ್ಷರಿ ಲೊಚಗುಟ್ಟಿದ. ಮುನಿಕೃಷ್ಣ ಅವನಿಗೆ ಬೆನ್ನು ತಿರುಗಿಸಿದ. ಬೇಗೂರಿನ ಮನೆಗೆ ಫೋನ್ ಮಾಡಿ, ಇನ್ನೊಂದು ಕೀ ಆಟೋದಲ್ಲಿ ತಾ ಎಂದು ಹೆಂಡತಿಯನ್ನು ಗದರಿದ. ಅದು ಬೀರುವಿನಲ್ಲಿದೆ, ಬೀರುವಿನ ಕೀ ನಿಮ್ಮ ಗೊಂಚಲಲ್ಲೇ ಇದೆ, ನೀವು ಯಾರನ್ನು ನಂಬುತ್ತೀರಿ ಎಂದು ಆಶಾರಾಣಿ ಕೇಳಿದಳು. ದಡ್ಡಿ ಎಂದು ಬೈದು ಫೋನ್ ಇಟ್ಟ.

ಮೇನ್ ರೋಡಿನಿಂದ ಕೀ ರಿಪೇರಿಯ ಚನಬಸಪ್ಪನನ್ನು ಹಿಡಿದುಕೊಂಡು ಬಂದರು. ಅವನು ಗಾಜಿನ ರಬ್ಬರಿನ ಸಂದಿಯಲ್ಲಿ ತೆಳ್ಳನೆಯ ಪಟ್ಟಿ ಇಳಿಬಿಟ್ಟು, ಕಣ್ಣು ಮುಚ್ಚಿ ತಡಕಾಡಿದ. ಟಕ್. ಮುನಿಕೃಷ್ಣ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಮತ್ತೆ ಟಕ್. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಅದೇ ಕಥೆ.

"ಎತ್ತಿದ್ರೆ ತಿರ್ಗಾ ಕೂತ್ಕೊಳ್ತೈತಲ್ಲಣ್ಣ. ವೈರಿಂಗಲ್ಲೇ ಏನೋ ಐಬು."

"ಐಬು ನಿನ್ ಕೈಲೈತೆ. ಕೆಲಸ ಬರಲ್ಲ ಅನ್ನು."

ಚನಬಸಪ್ಪ ಪಟ್ಟಿಯನ್ನು ಚೀಲಕ್ಕೆ ತುರುಕಿಕೊಂಡು, ತನಗೆ ಬರುವ ಕೆಲಸವನ್ನು ಬೇರೆ ಕಡೆ ಮಾಡಿಕೊಳ್ಳುವುದಾಗಿ ಹೇಳಿ ಹೊರಟೇಹೋದ.

ಉಳಿದದ್ದು ಕರಿ ಗಾಜು, ಅದರೊಳಗೆ ತನ್ನದೇ ಬೆವರಿದ ಮುಖ. ಮುನಿಕೃಷ್ಣ ಉಂಗುರದ ಬೆರಳಿನಿಂದ ಗಾಜು ಬಡಿದ. ಬಾಯಿ ಹತ್ತಿರ ತಂದು ಏನೋ ಗೊಣಗಿದ, ಮೊದಲು ಬೆಣ್ಣೆ ಸವರಿದ ಹಾಗೆ, ಆಮೇಲೆ ಹಲ್ಲು ಕಚ್ಚಿಕೊಂಡು. ಕಾರಿಗೇ ಬುದ್ಧಿ ಹೇಳ್ತಾವ್ರೆ ನೋಡ್ರಲೇ ಎಂದು ಬ್ರೋಕರನೊಬ್ಬ ಅಂದದ್ದಕ್ಕೆ ಗುಂಪಿಗೆ ಗುಂಪೇ ನಕ್ಕಿತು. ಆ ಕಲ್ಲು ಇನ್ನೂ ಕಾಲ ಬುಡದಲ್ಲೇ ಬಿದ್ದಿತ್ತು. ಮುನಿಕೃಷ್ಣ ಅದನ್ನು ಒಮ್ಮೆ ನೋಡಿದ, ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಸಾಹೇಬರನ್ನು ಒಮ್ಮೆ ನೋಡಿದ, ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡ.

ಸಾಹೇಬರು ಎದ್ದರು. ಜೀಪು ಹೋಯಿತು. ರೇವಣಸಿದ್ದ ಶಟರ್ ಎಳೆದು ಬೀಗ ಹಾಕಿದ. ಲೇಔಟಿನವನು ಪಕ್ಕದ ಹೊಲದವರ ಮನೆಗೆ ಹೊರಟನಂತೆ ಎಂಬ ಸುದ್ದಿ ತಿಳಿಸಿ ಪಂಚಾಕ್ಷರಿಯೂ ಫೈಲು ಕಂಕುಳಿಗೆ ಸೇರಿಸಿದ. ಇನ್ನು ನೋಡುವುದಕ್ಕೇನೂ ಇಲ್ಲವೆಂದು ಜನ ಕರಗಿದರು.

ಆಗ ನಾಲ್ಕೂ ಬಾಗಿಲ ಬೀಗ ಒಟ್ಟಿಗೆ ಬಿಟ್ಟುಕೊಂಡಿತು. ಹೊರಗಿನಿಂದ ಯಾರೂ ಮುಟ್ಟಿರಲಿಲ್ಲ. ಡ್ರೈವರ್ ಕಡೆಯ ಕರಿ ಗಾಜು ಮೆಲ್ಲಗೆ ಇಳಿದು, ತಣ್ಣನೆಯ ಗಾಳಿ ಮುನಿಕೃಷ್ಣನ ಮುಖಕ್ಕೆ ಬಡಿಯಿತು.

"ಆಪೀಸು ಮುಚ್ಚಿದ್ರೇನೋ ಮುನಿ?" ಎಂದಳು ಭಾಗ್ಯಮ್ಮ, ಸ್ಟೇರಿಂಗಿನ ಹಿಂದಿನಿಂದ. "ಬಾ, ಒಳಗ್ ಕೂತ್ಕೊ. ಬಿಸ್ಲಲ್ಲಿ ಬಾಡೋಗಿದ್ದೀಯ."